ಗ್ರೂಪಿನಲ್ಲಿ ಜಗಳವಾದರೆ: ಹೇಗೆ ನಿಲ್ಲಿಸಬೇಕು, ಹೇಗೆ ತಪ್ಪು ಒಪ್ಪಿಕೊಳ್ಳಬೇಕು

ಹುಬ್ಬಳ್ಳಿ-ಧಾರವಾಡದ ಯಾವ ಕಾಲೊನಿಯ ವಾಟ್ಸಾಪ್ ಗ್ರೂಪ್ ತೆಗೆದು ನೋಡಿದರೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: "ಇವತ್ತ ನೀರು ಬರತಾವೇನ್ರಿ?" ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಬರುವ ಮಲಪ್ರಭೆಯ ನೀರು ಹಲವು ಬಡಾವಣೆಗಳಿಗೆ ದಿನಾ ಸಿಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ, ಕೆಲವು ಸಲ ಇನ್ನೂ ತಡವಾಗಿ ಬರುತ್ತದೆ. ಹಾಗಾಗಿ ಗ್ರೂಪ್ ಬೇಕೇ ಬೇಕು. ಅದೇ ಗ್ರೂಪಿನಲ್ಲಿ ಜಗಳವೂ ಹುಟ್ಟುತ್ತದೆ. ಗದಗಿನ ಹಳೆ ವಿದ್ಯಾರ್ಥಿಗಳ ಗ್ರೂಪಿರಲಿ, ಬ್ಯಾಡಗಿಯ ಮೆಣಸಿನಕಾಯಿ ದರದ ಗ್ರೂಪಿರಲಿ, ಅಣ್ಣತಮ್ಮಂದಿರ ಮನೆತನದ ಗ್ರೂಪಿರಲಿ, ಯಾವುದೂ ಇದಕ್ಕೆ ಹೊರತಲ್ಲ.

ಗುರುತಿಲ್ಲದವರ ಜೊತೆ ಜಗಳವಾದರೆ ಬ್ಲಾಕ್ ಮಾಡಿ ಮುಂದೆ ಹೋಗಬಹುದು. ಎದುರು ಮನೆಯವರನ್ನು ಬ್ಲಾಕ್ ಮಾಡಿ ಎಲ್ಲಿಗೆ ಹೋಗುತ್ತೀರಿ? ಬೆಳಿಗ್ಗೆ ಹಾಲು ತರಲು ಹೋದರೆ ಅದೇ ಮುಖ. ಮಗಳ ಮದುವೆಗೆ ಕರೆಯಬೇಕಾದದ್ದೂ ಅವರನ್ನೇ. ನಮ್ಮ ಕಡೆಯ ಗ್ರೂಪುಗಳಲ್ಲಿ ಜಗಳವಾಡುವವರು ಹೆಚ್ಚಾಗಿ ಒಬ್ಬರಿಗೊಬ್ಬರು ಗೊತ್ತಿರುವವರೇ. ಅದಕ್ಕೇ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ನನಗೆ ಅನ್ನಿಸುತ್ತದೆ. ಹತ್ತು ನಿಮಿಷದ ಟೈಪಿಂಗ್ ಎರಡು ಮನೆಗಳ ನಡುವಿನ ಹತ್ತು ವರ್ಷದ ಮಾತುಕತೆಯನ್ನು ನಿಲ್ಲಿಸಿಬಿಡುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು. ತಪ್ಪು ಎಲ್ಲಿ ಆಯಿತೋ ಅಲ್ಲೇ ಒಪ್ಪಿಕೊಳ್ಳಬೇಕು. ಏನು ತಪ್ಪಾಯಿತೋ ಅದನ್ನೇ ಬಿಡಿಸಿ ಹೇಳಬೇಕು. ಅದಕ್ಕೂ ಮೊದಲು ಎದುರಿನವರ ಮಾತನ್ನು ಪೂರ್ತಿ ಕೇಳಿರಬೇಕು. ಇದನ್ನು ಮಾಡುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಜಗಳ ಹೇಗೆ ಹತ್ತಿಕೊಳ್ಳುತ್ತದೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಒಂದು ಕಾಲೊನಿ. ಐದು ದಿನದ ಮೇಲೆ ನೀರು ಬಂದಿದೆ, ಆದರೆ ಪ್ರೆಶರ್ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಕೆಳಗಿನ ಲೈನಿನ ಹುಡುಗನೊಬ್ಬ ಗ್ರೂಪಿಗೆ ಬರೆಯುತ್ತಾನೆ:

"ಮ್ಯಾಲಿನ ಲೈನಿನವರು ನಳಕ್ಕ ಡೈರೆಕ್ಟ್ ಮೋಟಾರ್ ಹಚ್ಚಿ ಎಳಕೊಂಡ್ರ ನಮಗೇನು ಉಳೀತಾವ?"

ಮೇಲಿನ ಲೈನಿನಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರು ಕೇಳುತ್ತಾರೆ: "ಯಾರಿಗೆ ಹೇಳಾಕತ್ತೀರಿ? ಹೆಸರು ಹೇಳ್ರಿ."

"ಹಚ್ಚಿದವರಿಗೆ ಗೊತ್ತೈತಿ."

"ನಮ್ಮನಿ ಮೋಟಾರ್ ಸಂಪಿಗೆ ಹಚ್ಚಿದ್ದು. ಬಂದು ನೋಡಿ ಮಾತಾಡ್ರಿ. ಸುಳ್ಳ ಹೇಳಬ್ಯಾಡ್ರಿ."

"ಸುಳ್ಳ ಯಾರು ಹೇಳಾಕತ್ತಾರ? ರಿಟೈರ್ ಆದವರಿಗೆ ಬ್ಯಾರೆ ಕೆಲಸ ಇಲ್ಲ ನೋಡು. ಇಡೀ ದಿನ ನೀರು ತುಂಬೂದ."

ಇಲ್ಲಿ ಏನಾಯಿತು ನೋಡಿ. ಹುಡುಗ ಮಾಸ್ತರರ ಹೆಸರು ಹೇಳಿರಲಿಲ್ಲ. ಆದರೆ ಎಲ್ಲರನ್ನೂ ಸೇರಿಸಿ ಒಂದು ಮಾತು ಎಸೆದ. ಮಾಸ್ತರರು ಅದು ತಮಗೇ ಅಂದುಕೊಂಡರು. ಆಮೇಲೆ "ಸುಳ್ಳ" ಎಂಬ ಮಾತು ಬಂತು. ಕೊನೆಗೆ ಹುಡುಗ ಏಕವಚನಕ್ಕೆ ಇಳಿದ. ಅಲ್ಲಿಗೆ ನೀರಿನ ವಿಷಯ ಮುಗಿಯಿತು, ಮರ್ಯಾದೆಯ ವಿಷಯ ಶುರುವಾಯಿತು. ಅದೂ ಇಡೀ ಕಾಲೊನಿ ನೋಡುತ್ತಿರುವಾಗ.

ಬರೆದ ಮಾತಿಗೆ ದನಿ ಇರುವುದಿಲ್ಲ. ಇದು ಬರೀ ಅನುಭವದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕೆಲವು ವ್ಯಂಗ್ಯದ ಮಾತು, ಕೆಲವು ಗಂಭೀರ ಮಾತು ಬರೆದು ಕಳಿಸಲು ಹೇಳಿದ್ದರು. ಓದುವವರು ಸುಮಾರು ನೂರಕ್ಕೆ 78 ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಬರೆದವರು ಅಂದುಕೊಂಡಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56 ಸಲ. ನಾಣ್ಯ ಚಿಮ್ಮಿ ಹೇಳಿದರೂ ಹೆಚ್ಚುಕಡಿಮೆ ಅಷ್ಟೇ ಸರಿಯಾಗುತ್ತದೆ. ದನಿ ಕೇಳಿಸಿದಾಗ ಮಾತ್ರ ಜನ ಚೆನ್ನಾಗಿ ಗುರುತಿಸಿದರು. ಹಾಗಾಗಿ "ನಾ ಚಾಷ್ಟಿಗೆ ಅಂದೆ, ಅವರು ತಪ್ಪ ತಿಳಕೊಂಡ್ರು" ಎನ್ನುವುದರಲ್ಲಿ ಅರ್ಧ ನಿಜ ಇರಬಹುದು. ಆದರೂ ಹಾಗೆ ಬರೆದದ್ದಕ್ಕೆ ಹೊಣೆ ಬರೆದವರದೇ.

ಮೊದಲು ಕೈ ನಿಲ್ಲಿಸಿ

ಸಿಟ್ಟು ಬಂದಿದೆ ಎಂದು ಗೊತ್ತಾದ ಕೂಡಲೇ ಗ್ರೂಪನ್ನು ಮ್ಯೂಟ್ ಮಾಡಿ. ಎಂಟು ತಾಸು ಮ್ಯೂಟ್ ಮಾಡುವ ಆಯ್ಕೆ ವಾಟ್ಸಾಪ್‌ನಲ್ಲೇ ಇದೆ, ಒಂದು ರಾತ್ರಿಗೆ ಅದು ಸಾಕು. ಬರೆಯಲೇಬೇಕು ಅನ್ನಿಸಿದರೆ ಗ್ರೂಪಿನ ಬಾಕ್ಸಿನಲ್ಲಿ ಬರೆಯಬೇಡಿ. ಫೋನಿನ ನೋಟ್ಸ್‌ನಲ್ಲಿ ಬರೆಯಿರಿ, ಇಲ್ಲವೇ ಹಾಳೆಯ ಮೇಲೆ ಗೀಚಿ. ಬಾಕ್ಸಿನಲ್ಲಿ ಬರೆದರೆ ಹೆಬ್ಬೆರಳು ತಾನಾಗೇ ಕಳಿಸಿಬಿಡುತ್ತದೆ.

ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಸಿಟ್ಟಿನ ದನಿ ಒಮ್ಮೆ ರೆಕಾರ್ಡ್ ಆದರೆ ಅದು ನಿಮ್ಮ ಗ್ರೂಪಿನಲ್ಲಷ್ಟೇ ಉಳಿಯುವುದಿಲ್ಲ. ನವಲಗುಂದದಲ್ಲಿರುವ ನಿಮ್ಮ ಬೀಗರಿಗೂ ತಲುಪುತ್ತದೆ.

ಕಳಿಸಿಯೇ ಬಿಟ್ಟಿದ್ದರೆ? ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಮೆಸೇಜ್ ತಿದ್ದಬಹುದು. ಎಲ್ಲರಿಗೂ ಕಾಣದಂತೆ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇರುತ್ತದೆ. ಒಬ್ಬರ ಮನೆಯವರನ್ನು, ಜಾತಿಯನ್ನು, ದೇಹವನ್ನು ಎತ್ತಿ ಆಡಿದ ಮಾತಾಗಿದ್ದರೆ ತಕ್ಷಣ ಅಳಿಸಿ. ಅದು ಇನ್ನೊಬ್ಬರ ಕಣ್ಣಿಗೆ ಬೀಳುವುದಾದರೂ ತಪ್ಪುತ್ತದೆ. ಆದರೆ ಅಳಿಸಿ ಸುಮ್ನೆ ಕೂರಬೇಡಿ. ಮೆಸೇಜ್ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ, ಓದಿದವರು ಓದಿ ಆಗಿರುತ್ತದೆ, ಯಾರದೋ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ. "ಈಗ ಬರದದ್ದು ತಪ್ಪಿತ್ತು, ಅಳಿಸೀನಿ. ನಾಳೆ ಮಾತಾಡತೀನಿ" ಎಂದು ಒಂದೇ ಸಾಲು ಹಾಕಿ. ಆ ರಾತ್ರಿಗೆ ಅಷ್ಟು ಸಾಕು.

ಗ್ರೂಪ್ ಬಿಟ್ಟು ಹೋಗುವುದು ಪರಿಹಾರ ಅಲ್ಲ. ಈಗ ಯಾರಾದರೂ ಬಿಟ್ಟು ಹೋದರೆ ಎಲ್ಲರಿಗೂ ನೋಟಿಸ್ ಬರುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ. ಆದರೆ 60 ದಿನದೊಳಗೆ ಬಿಟ್ಟುಹೋದವರ ಪಟ್ಟಿ ಗ್ರೂಪಿನ ಮಾಹಿತಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಮುಖ್ಯ ಏನೆಂದರೆ, ಬಿಟ್ಟು ಹೋದ ಮೇಲೆ ಅದೇ ಜಾಗದಲ್ಲಿ ನಿಂತು ತಪ್ಪು ಒಪ್ಪಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಬೆಳಿಗ್ಗೆ ಎದ್ದು ಮತ್ತೆ ಓದಿ

ರಾತ್ರಿಯ ಮೆಸೇಜುಗಳನ್ನು ಬೆಳಿಗ್ಗೆ ಚಹಾ ಕುಡಿದ ಮೇಲೆ ಮೊದಲಿನಿಂದ ಓದಿ. ಈ ಸಲ ನಿಮ್ಮ ಮೆಸೇಜುಗಳನ್ನು ಬೇರೆ ಯಾರೋ ಬರೆದದ್ದು ಅಂದುಕೊಂಡು ಓದಿ. ಓದುವಾಗ ಎರಡು ಜಗಳಗಳನ್ನು ಬೇರೆ ಮಾಡಿ. ಒಂದು ವಿಷಯದ ಜಗಳ: ನೀರಿನ ಪ್ರೆಶರ್ ಯಾಕೆ ಇಲ್ಲ, ಗಣಪತಿ ಪಟ್ಟಿಯ (ಚಂದಾದ) ದುಡ್ಡು ಎಷ್ಟು ಉಳಿಯಿತು, ದರ ನಿಜಕ್ಕೂ ಬಿದ್ದಿದೆಯೋ ಇಲ್ಲವೋ. ಇನ್ನೊಂದು ಮಾನದ ಜಗಳ: ಯಾರು ಯಾರಿಗೆ ಏನು ಅಂದರು.

ವಿಷಯದಲ್ಲಿ ನೀವು ಸರಿ ಇರಬಹುದು. ಮಾತಿನಲ್ಲಿ ತಪ್ಪಿರಬಹುದು. ಈ ಎರಡೂ ಒಟ್ಟಿಗೆ ನಿಜವಾಗಿರಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ. "ನಾ ಹೇಳಿದ್ದರಾಗ ಏನು ತಪ್ಪೈತಿ? ಕ್ಷಮಾ ಯಾಕ ಕೇಳಬೇಕು?" ಎನ್ನುತ್ತಾರೆ. ಪ್ರೆಶರ್ ಇಲ್ಲ ಎಂದು ಹೇಳಿದ್ದಕ್ಕೆ ಕ್ಷಮೆ ಕೇಳಬೇಕಿಲ್ಲ. ಹಿರಿಯರಿಗೆ "ನೋಡು" ಅಂದದ್ದಕ್ಕೆ, ನೋಡದೇ ಆಪಾದನೆ ಹೊರಿಸಿದ್ದಕ್ಕೆ ಕೇಳಬೇಕು. ನೀರಿನ ಬೇಡಿಕೆಯನ್ನು ಇಟ್ಟುಕೊಂಡೇ ಮಾತಿನ ತಪ್ಪನ್ನು ಒಪ್ಪಬಹುದು.

ನಿಮ್ಮ ಕಡೆಯ ತಪ್ಪುಗಳನ್ನು ಹಾಳೆಯ ಮೇಲೆ ಬರೆದಿಡಿ. ಎದುರಿನವರದ್ದು ಬರೆಯಬೇಡಿ, ಅದು ನಿಮ್ಮ ಕೆಲಸ ಅಲ್ಲ. ಮೇಲಿನ ಉದಾಹರಣೆಯಲ್ಲಿ ಹುಡುಗನ ಹಾಳೆ ಹೀಗಿರುತ್ತದೆ: ಎಲ್ಲರನ್ನೂ ಸೇರಿಸಿ ಆಪಾದನೆ ಮಾಡಿದೆ, ಹೋಗಿ ನೋಡಲಿಲ್ಲ, ವಯಸ್ಸನ್ನು ಎತ್ತಿ ಆಡಿದೆ, ಏಕವಚನ ಬಳಸಿದೆ. ಮಾಸ್ತರರ ಹಾಳೆಯಲ್ಲೂ ಒಂದು ಸಾಲಿದೆ: ಸುಳ್ಳು ಹೇಳಬೇಡಿ ಅಂದೆ.

ಆಮೇಲೆ ಫೋನ್ ಮಾಡಿ, ಇಲ್ಲವೇ ಮನೆಗೆ ಹೋಗಿ

ಗ್ರೂಪಿನಲ್ಲಿ ಏನಾದರೂ ಬರೆಯುವ ಮೊದಲು ಆ ಒಬ್ಬರ ಜೊತೆ ಮಾತಾಡಿ. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಯಾರು ಮೊದಲು ಫೋನ್ ಮಾಡಬೇಕು? ನಮ್ಮ ಕಡೆ ಸಣ್ಣವರೇ ಮೊದಲು ಮಾತಾಡಿಸಬೇಕು ಎಂಬ ರೂಢಿ ಇದೆ. ಅದು ಸುಲಭದ ದಾರಿ, ಆದರೆ ಕಾನೂನಲ್ಲ. ಹಿರಿಯರು ತಾವೇ ಫೋನ್ ಮಾಡಿದರೆ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಯಾರ ತಪ್ಪು ಜಾಸ್ತಿ ಎಂದು ತೂಗುತ್ತಾ ಕೂತರೆ ಇಬ್ಬರೂ ಕಾಯುತ್ತಲೇ ಇರುತ್ತಾರೆ. ಯಾರಿಗೆ ಮೊದಲು ಮನಸ್ಸಾಗುತ್ತದೋ ಅವರು ಮಾಡಲಿ.

ಹೊತ್ತು ನೋಡಿ ಮಾಡಿ. ಬೆಳಿಗ್ಗೆ ಪೂಜೆಯ ಹೊತ್ತು, ಕಚೇರಿಗೆ ಹೊರಡುವ ಗಡಿಬಿಡಿಯ ಹೊತ್ತು ಬೇಡ. ಸಂಜೆ ಒಳ್ಳೆಯದು. ಮೊದಲ ಮಾತು ಜಗಳದ್ದಾಗಿರಬಾರದು.

"ಮಾಸ್ತರ, ನಮಸ್ಕಾರ್ರೀ. ಚಾ ಆತ್ರೀ?"

"ಆತಪ್ಪ. ಹೇಳು."

"ರಾತ್ರಿ ಗ್ರೂಪಿನ್ಯಾಗ ಆಗಿದ್ದರ ಬಗ್ಗೆ ಮಾತಾಡಬೇಕಿತ್ರಿ. ನಿಮಗ ಏನ ಅನಿಸ್ತು, ಮೊದಲ ನೀವ ಹೇಳ್ರಿ. ನಾ ಕೇಳತೀನಿ."

ಇಲ್ಲಿ ಸುಮ್ಮನಾಗಬೇಕು. ಅವರು ಐದು ನಿಮಿಷ ಮಾತಾಡಬಹುದು, ಹತ್ತು ನಿಮಿಷವೂ ಮಾತಾಡಬಹುದು. ಹಳೆಯದೆಲ್ಲ ತೆಗೆಯಬಹುದು. ಹೋದ ವರ್ಷ ನೀವು ಅವರ ಗೇಟಿನ ಮುಂದೆ ಬೈಕ್ ನಿಲ್ಲಿಸಿದ್ದೂ ಬರಬಹುದು. ನಡುವೆ ಬಾಯಿ ಹಾಕಬೇಡಿ. "ಹಂಗಲ್ರೀ" ಎಂದು ಶುರು ಮಾಡಬೇಡಿ. ಮುಗಿದ ಮೇಲೆ ನಿಮಗೆ ಅರ್ಥವಾದದ್ದನ್ನು ತಿರುಗಿ ಹೇಳಿ: "ಅಂದ್ರ, ನಲವತ್ತು ಮಂದಿ ನೋಡೂಮುಂದ ನಾ ಹಂಗ ಅಂದದ್ದು ನಿಮಗ ಬಾಳ ನೋವಾತು. ಅಲ್ರೀ?"

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕ್ಷಮೆ ಕೇಳುವುದರಲ್ಲಿ ಅವಸರ ಒಳ್ಳೆಯದಲ್ಲ. ಸಿಂಥಿಯಾ ಫ್ರಾಂಟ್ಜ್ ಮತ್ತು ಕೋರ್ಟ್ನಿ ಬೆನಿಗ್ಸನ್ ಎಂಬ ಸಂಶೋಧಕರು 2005ರಲ್ಲಿ ಇದೇ ವಿಷಯದ ಮೇಲೆ ಅಧ್ಯಯನ ಪ್ರಕಟಿಸಿದರು. ಜಗಳದ ಶುರುವಿಗೇ ಕೇಳಿದ ಕ್ಷಮೆಗಿಂತ ಸ್ವಲ್ಪ ತಡವಾಗಿ ಕೇಳಿದ್ದು ಜಾಸ್ತಿ ನಾಟಿತು. ನೊಂದವರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಸಿಕ್ಕಿತು, ಎದುರಿನವರಿಗೆ ಅದು ಅರ್ಥವಾಯಿತು ಅನ್ನಿಸಿತು, ಕಾರಣ ಅದೇ. ಜಗಳದ ನಡುವೆ ಪಟ್ಟನೆ "ಸಾರಿ ಸಾರಿ, ಬಿಡ್ರಿ" ಎಂದು ಎಸೆದರೆ ಅದು ಬಾಯಿ ಮುಚ್ಚಿಸಲು ಹೇಳಿದಂತೆ ಕೇಳಿಸುತ್ತದೆ. ತಡ ಎಂದರೆ ವಾರಗಟ್ಟಲೆ ಅಲ್ಲ. ಅವರ ಮಾತು ಕೇಳಿ ಮುಗಿಯುವಷ್ಟು ಹೊತ್ತು.

ಕೇಳಿದ ಮೇಲೆ ತಪ್ಪು ಒಪ್ಪಿ. ಮೋಟಾರಿನಂಥ ನೋಡಿಯೇ ತಿಳಿಯಬೇಕಾದ ವಿಷಯವಿದ್ದರೆ "ಬಂದು ನೋಡಲೇನ್ರಿ?" ಎಂದು ಕೇಳಿ ಹೋಗಿ ನೋಡಿ. ಆಮೇಲೆ ಇನ್ನೊಂದು ಮಾತು ಕೇಳಬೇಕು: "ಗ್ರೂಪಿನ್ಯಾಗೂ ಹೇಳತೀನಿ. ನಿಮಗ ನಡೀತದಲ್ರೀ?" ಕೆಲವರಿಗೆ ವಿಷಯ ಮತ್ತೆ ಗ್ರೂಪಿಗೆ ಬರುವುದೇ ಬೇಡವಾಗಿರುತ್ತದೆ. ಬೇಡ ಅಂದರೆ ಅವರ ಹೆಸರು ಹಾಕಬೇಡಿ. "ನಿನ್ನೆ ನಾ ಬರದ ಮಾತು ತಪ್ಪಿತ್ತು" ಎಂದಷ್ಟೇ ಬರೆಯಿರಿ.

ಗ್ರೂಪಿನಲ್ಲಿ ಬರೆಯುವುದು ಹೇಗೆ

ಎಲ್ಲರ ಮುಂದೆ ಬೈದು ಒಬ್ಬರೇ ಇದ್ದಾಗ ಕ್ಷಮೆ ಕೇಳಿದರೆ ಲೆಕ್ಕ ಸರಿಹೋಗುವುದಿಲ್ಲ. ಬೈದದ್ದನ್ನು ನಲವತ್ತು ಜನ ಓದಿದ್ದರೆ, ಒಪ್ಪಿಕೊಂಡದ್ದನ್ನೂ ಆ ನಲವತ್ತು ಜನ ಓದಬೇಕು. ಇದರಲ್ಲಿ ರಿಯಾಯಿತಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಮೊದಲು, ಕ್ಷಮೆಯ ಹಾಗೆ ಕಂಡರೂ ಕ್ಷಮೆಯಲ್ಲದ ಕೆಲವು ಮಾತುಗಳನ್ನು ನೋಡೋಣ. ನಮ್ಮ ಗ್ರೂಪುಗಳಲ್ಲಿ ಇವು ದಿನಾ ಸಿಗುತ್ತವೆ.

"ಯಾರಿಗರ ಬ್ಯಾಸರ ಆಗಿದ್ದರ ಕ್ಷಮೆ ಇರಲಿ." ಯಾರಿಗೆ ಎಂದು ಎಲ್ಲರಿಗೂ ಗೊತ್ತಿದೆ. ಬೇಸರ ಆಗಿದೆ ಎಂದೂ ಗೊತ್ತಿದೆ. ಹಾಗಿದ್ದೂ ಹೀಗೆ ಬರೆದರೆ ತಪ್ಪು ನನ್ನ ಮಾತಿನದ್ದಲ್ಲ, ಬೇಸರ ಮಾಡಿಕೊಂಡವರದ್ದು ಎಂದಂತಾಗುತ್ತದೆ.

"ಸಾರಿ, ಆದರ ನೀವೂ ಹಂಗ ಅನಬಾರದಿತ್ತು." ಅವರ ತಪ್ಪನ್ನು ಅವರೇ ಒಪ್ಪಲಿ. ನಿಮ್ಮ ಕ್ಷಮೆಯ ಬಾಲಕ್ಕೆ ಅದನ್ನು ಕಟ್ಟಬೇಡಿ.

"ನಾವು ಉತ್ತರ ಕರ್ನಾಟಕದ ಮಂದಿ. ನಮ್ಮ ಮಾತ ಹಂಗ, ಗಂಡುಭಾಷೆ, ಮನಸಿನ್ಯಾಗ ಏನೂ ಇರಂಗಿಲ್ಲ." ಇದನ್ನು ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ನಮ್ಮ ಮಾತು ನೇರ, ಅದು ನಿಜ. ಆದರೆ ಇದೇ ಮಾತಿನಲ್ಲಿ ಎಷ್ಟು ಮರ್ಯಾದೆ ಇದೆ! ಸಾಲು ಸಾಲಿಗೂ "ರೀ" ಹಚ್ಚಿ ಮಾತಾಡುವವರು ನಾವು. ಮನೆಗೆ ಬಂದವರು ಚಹಾ ಕುಡಿಯದೆ ಹೋಗುವಂತಿಲ್ಲ. ತನ್ನ ಬಾಯಿಯ ತಪ್ಪಿಗೆ ಇಡೀ ಸೀಮೆಯ ಮಾತನ್ನು ಮುಂದೆ ಮಾಡುವುದು ಅನ್ಯಾಯ.

ಕೈ ಮುಗಿದ ಚಿತ್ರ ಒಂದನ್ನೇ ಹಾಕುವುದು, ಶುಭೋದಯದ ಫಾರ್ವರ್ಡ್ ಹಾಕಿ ವಿಷಯ ಮುಚ್ಚುವುದು, ಇವೂ ಅದೇ ಸಾಲಿನವು.

ಹಾಗಿದ್ದರೆ ಒಳ್ಳೆಯ ಕ್ಷಮೆಯಲ್ಲಿ ಏನಿರಬೇಕು? ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಮೆಯ ಮಾತನ್ನು ಆರು ಭಾಗ ಮಾಡಿ ನೋಡಿದ್ದಾರೆ: ಆದದ್ದಕ್ಕೆ ವಿಷಾದ, ಯಾಕೆ ಹೀಗಾಯಿತು ಎಂಬ ವಿವರಣೆ, ತಪ್ಪು ನನ್ನದು ಎಂಬ ಒಪ್ಪಿಗೆ, ಇನ್ನು ಹೀಗೆ ಮಾಡುವುದಿಲ್ಲ ಎಂಬ ಮಾತು, ಆದ ಹಾನಿ ಸರಿಪಡಿಸುವ ಮಾತು, ಕ್ಷಮಿಸಿ ಎಂಬ ಕೋರಿಕೆ. ಇವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ತೂಕ ಇದ್ದದ್ದು ತಪ್ಪು ನನ್ನದು ಎಂಬ ಒಪ್ಪಿಗೆಗೆ. ಅದರ ನಂತರ ಸರಿಪಡಿಸುವ ಮಾತಿಗೆ. ಎಲ್ಲಕ್ಕಿಂತ ಕಡಿಮೆ ತೂಕ ಇದ್ದದ್ದು "ಕ್ಷಮಿಸಿ" ಎಂಬ ಕೋರಿಕೆಗೆ. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ ಅಲ್ವಾ? "ಕ್ಷಮಿಸಿ" ಎಂದು ನಾಲ್ಕು ಸಲ ಹೇಳುತ್ತೇವೆ, ಏನು ತಪ್ಪು ಎಂದು ಒಂದು ಸಲವೂ ಹೇಳುವುದಿಲ್ಲ.

ಆ ಹುಡುಗ ಬರೆಯಬೇಕಾದದ್ದು ಹೀಗೆ:

"ಎಲ್ಲಾರಿಗೂ ನಮಸ್ಕಾರ. ನಿನ್ನೆ ರಾತ್ರಿ ಈ ಗ್ರೂಪಿನ್ಯಾಗ ನಾ ಮಾಸ್ತರಿಗೆ ಏಕವಚನದಾಗ ಮಾತಾಡೀನಿ. ರಿಟೈರ್ ಆದವರಿಗೆ ಕೆಲಸ ಇಲ್ಲ ಅಂತ ಬರದೀನಿ. ಅದು ನನ್ನ ತಪ್ಪು. ಅವರ ಮೋಟಾರ್ ಸಂಪಿಗೆ ಹಚ್ಚಿದ್ದು, ಇವತ್ತ ನಾನ ಹೋಗಿ ನೋಡಿ ಬಂದೀನಿ. ನೋಡದ ಮ್ಯಾಲಿನ ಲೈನಿನವರ ಮ್ಯಾಲೆ ಆಪಾದನೆ ಹೊರಿಸಿದ್ದೂ ತಪ್ಪು. ಆ ಮೆಸೇಜ್ ಅಳಿಸೀನಿ. ಮಾಸ್ತರ, ಕ್ಷಮಾ ಮಾಡ್ರಿ. ಪ್ರೆಶರ್ ಕಡಿಮಿ ಇರೂದು ಖರೇನ ಐತಿ. ಅದಕ್ಕ ನಾಳೆ ಪಾಲಿಕೆಗೆ ಅರ್ಜಿ ನಾನ ಬರದ ಕೊಡತೀನಿ."

ಉದ್ದ ಇಲ್ಲ. ಅತ್ತು ಕರೆದಿಲ್ಲ. ತಾನು ಏನು ಅಂದೆ ಎಂದು ಬಿಡಿಸಿ ಹೇಳಿದ್ದಾನೆ. ನೀರಿನ ವಿಷಯವನ್ನೂ ಬಿಟ್ಟುಕೊಟ್ಟಿಲ್ಲ. ಮನೆಯಲ್ಲಿ ಮಾತಾಡುವ ಮಾತಿನಲ್ಲೇ ಬರೆದಿದ್ದಾನೆ, ಅದೂ ಮುಖ್ಯ. "ಈ ಮೂಲಕ ತೀವ್ರ ವಿಷಾದ ವ್ಯಕ್ತಪಡಿಸುತ್ತೇನೆ" ಎಂದು ಬರೆದರೆ ಪತ್ರಿಕಾ ಹೇಳಿಕೆ ಓದಿದಂತಾಗುತ್ತದೆ.

ಬೈಗುಳವನ್ನೇ ಮತ್ತೆ ಪೂರ್ತಿ ಬರೆಯಬೇಕೇ? ಸಣ್ಣ ಮಾತಾಗಿದ್ದರೆ ಬರೆಯಬಹುದು. ಹೊಲಸು ಮಾತಾಗಿದ್ದರೆ ಮತ್ತೆ ಬರೆಯಬೇಡಿ, "ಅವರ ಮನೆಯವರ ಬಗ್ಗೆ ಕೆಟ್ಟದಾಗಿ ಮಾತಾಡಿದೆ" ಎಂದು ಹೇಳಿದರೆ ಸಾಕು. ಜಾತಿಯನ್ನೋ ಧರ್ಮವನ್ನೋ ಎತ್ತಿ ಆಡಿದ್ದರೆ ನೊಂದವರು ಒಬ್ಬರೇ ಅಲ್ಲ. ಆ ಗ್ರೂಪಿನಲ್ಲಿ ಅದನ್ನು ಓದಿ ಸುಮ್ಮನೆ ಕೂತ ಇನ್ನೂ ಕೆಲವರಿರುತ್ತಾರೆ. ಕ್ಷಮೆ ಅವರಿಗೂ ಮುಟ್ಟುವಂತೆ ಬರೆಯಿರಿ.

ತಪ್ಪು ಸುದ್ದಿಯಾದರೆ ಅದು ಹೋದಲ್ಲೆಲ್ಲ ತಿದ್ದುಪಡಿಯೂ ಹೋಗಬೇಕು

ಹಾವೇರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯವರೆಗೆ ಹೋಯಿತು, ವಾಹನಗಳು ಸುಟ್ಟವು. ವರ್ಷದ ದುಡಿಮೆ ಒಂದು ದಿನದ ಟೆಂಡರ್ ಮೇಲೆ ನಿಂತಿರುವಾಗ ದರದ ಮಾತು ಎಷ್ಟು ಸೂಕ್ಷ್ಮ ಎಂದು ಅವತ್ತು ಎಲ್ಲರೂ ಕಂಡರು.

ಈಗ ಒಬ್ಬರು ದರದ ಗ್ರೂಪಿಗೆ "ಕಡ್ಡಿ ದರ ಪೂರಾ ಬಿದ್ದೈತಿ, ಇವತ್ತ ಮಾಲು ತರಬ್ಯಾಡ್ರಿ" ಎಂದು ಕೇಳಿದ ಮಾತನ್ನೇ ಹಾಕಿದರು ಅಂದುಕೊಳ್ಳಿ (ಕಡ್ಡಿ ಎಂದರೆ ಮೆಣಸಿನಕಾಯಿಯ ಒಂದು ತಳಿ). ಅದನ್ನು ನಂಬಿ ಒಬ್ಬ ರೈತ ಅರ್ಧ ದಾರಿಯಿಂದ ಗಾಡಿ ತಿರುಗಿಸಿದ. ಮಧ್ಯಾಹ್ನ ನೋಡಿದರೆ ದರ ಮೊದಲಿನ ಹಾಗೇ ಇತ್ತು. ಬಾಡಿಗೆ ದುಡ್ಡೂ ಹೋಯಿತು, ದಿನವೂ ಹೋಯಿತು. ಗ್ರೂಪಿನಲ್ಲಿ ಬೈಗುಳ ಶುರುವಾಗುತ್ತದೆ. ದರ ಹಾಕಿದವರು "ನನಗ ಯಾರೋ ಕಳಿಸಿದ್ರು, ನಾ ಹಾಕಿದ್ಯಾ ಅಷ್ಟ" ಎಂದು ಜಾರಿಕೊಳ್ಳುತ್ತಾರೆ.

ಇಲ್ಲಿ ಮಾಡಬೇಕಾದದ್ದು ಬೇರೆ. ನೀವು ಹಾಕಿದ ಹಳೆ ಮೆಸೇಜನ್ನೇ ಒತ್ತಿ ಹಿಡಿದು, ಅದಕ್ಕೇ ರಿಪ್ಲೈ ಮಾಡಿ "ಇದು ತಪ್ಪು" ಎಂದು ಬರೆಯಿರಿ. ಸರಿಯಾದ ದರ ಎಷ್ಟು, ಎಲ್ಲಿ ನೋಡಿದಿರಿ ಎಂದು ಹಾಕಿ. ಆಮೇಲೆ ತಪ್ಪು ಸುದ್ದಿಯನ್ನು ಬೇರೆ ಯಾವ ಯಾವ ಗ್ರೂಪಿಗೆ ಕಳಿಸಿದ್ದಿರೋ ಅಲ್ಲೆಲ್ಲ ಇದನ್ನೂ ಕಳಿಸಿ. ಗಾಡಿ ತಿರುಗಿಸಿದ ರೈತನಿಗೆ ಫೋನ್ ಮಾಡಿ. ಬಾಡಿಗೆಯಲ್ಲಿ ಏನಾದರೂ ಕೊಡಲು ಸಾಧ್ಯವಾದರೆ ಕೊಡುವ ಮಾತಾಡಿ. ಆತ ಬೇಡ ಅನ್ನಬಹುದು. ಆದರೆ ನೀವಾಗಿ ಕೇಳಿದ್ದು ಅವನ ಮನಸ್ಸಿನಲ್ಲಿ ಉಳಿಯುತ್ತದೆ.

ದುಡ್ಡಿನ ಜಗಳಕ್ಕೂ ಇದೇ ದಾರಿ. ಗಣಪತಿ ಪಟ್ಟಿ, ಜಾತ್ರೆಯ ಪಟ್ಟಿಯ ಲೆಕ್ಕದಲ್ಲಿ ಸಂಶಯ ಬಂದರೆ ಮಾತಿನಿಂದ ಅದು ಮುಗಿಯುವುದಿಲ್ಲ. ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಎಂದು ರಸೀದಿಯ ಫೋಟೊ ಸಮೇತ ಹಾಕಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿತು. ಲೆಕ್ಕವನ್ನು ಎಲ್ಲ ಸದಸ್ಯರ ಮುಂದೆ ಇಡುವ ಸಹಕಾರಿ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ.

ಕ್ಷಮೆ ಕೇಳಿಸಿಕೊಂಡವರಿಗೆ, ನೋಡುತ್ತಿರುವವರಿಗೆ

ನಿಮ್ಮ ಬಳಿ ಯಾರೋ ಹೀಗೆ ತಪ್ಪು ಒಪ್ಪಿಕೊಂಡರೆ ಒಂದು ಸಾಲಿನ ಉತ್ತರವನ್ನಾದರೂ ಕೊಡಿ. "ಆತಪ್ಪ, ನಾನೂ ಸುಳ್ಳ ಅನಬಾರದಿತ್ತು. ಅರ್ಜಿಗೆ ನನ್ನ ಸಹಿನೂ ಹಾಕಸ್ಕೊ." ಮನಸ್ಸು ಇನ್ನೂ ತಿಳಿಯಾಗಿಲ್ಲ ಎಂದರೆ ಅದನ್ನೇ ಹೇಳಿ: "ನೋಡಿದೆ. ನನಗ ಇನ್ನೂ ಸ್ವಲ್ಪ ದಿನ ಬೇಕು." ಅದೂ ಮರ್ಯಾದೆಯ ಉತ್ತರವೇ. ಕ್ಷಮಿಸಲೇಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ಆದರೆ ಒಪ್ಪಿಕೊಂಡ ತಪ್ಪನ್ನು ಮುಂದಿನ ಜಗಳದಲ್ಲಿ ಅಸ್ತ್ರ ಮಾಡಿಕೊಳ್ಳಬೇಡಿ.

ಉಳಿದವರಿಗೆ ಇಷ್ಟೇ: ನಡುವೆ ನಗುವ ಚಿತ್ರ ಹಾಕಬೇಡಿ. "ಇರಲಿ ಬಿಡ್ರಿ ಮಾಸ್ತರ, ದೊಡ್ಡವರು ನೀವು" ಎಂದು ನೊಂದವರ ಮೇಲೇ ಭಾರ ಹಾಕಬೇಡಿ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಗ್ರೂಪಿಗೆ ಕಳಿಸುವುದು ದೊಡ್ಡ ದ್ರೋಹ.

ಅಡ್ಮಿನ್ ಏನು ಮಾಡಬೇಕು

ಜಗಳ ಜೋರಾದಾಗ ಒಬ್ಬರನ್ನು ತೆಗೆದು ಹಾಕುವುದು ಸುಲಭ. ಆದರೆ ತೆಗೆದದ್ದೇ ಹೊಸ ಜಗಳವಾಗುತ್ತದೆ. ಅದರ ಬದಲು ಒಂದು ರಾತ್ರಿಯ ಮಟ್ಟಿಗೆ ಅಡ್ಮಿನ್‌ಗಳಷ್ಟೇ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿ. "ಬೆಳಿಗ್ಗೆ ಏಳಕ್ಕ ಮತ್ತ ತೆರಿತೀವಿ. ನೀರಿನ ಸುದ್ದಿ ಇದ್ದರ ನನಗ ಕಳಿಸ್ರಿ, ನಾ ಹಾಕತೀನಿ" ಎಂದು ತಿಳಿಸಿ, ಹೇಳಿದ ಹೊತ್ತಿಗೆ ತಪ್ಪದೆ ತೆರೆಯಿರಿ. ತೀರಾ ಕೆಟ್ಟ ಮೆಸೇಜನ್ನು ಅಡ್ಮಿನ್ ತಾವೇ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಆಮೇಲೆ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಒಬ್ಬರ ಮಾತು ಕೇಳಿ ತೀರ್ಪು ಕೊಡಬೇಡಿ.

ಯಾರೋ ಏನೋ ಬರೆದರೆ ಅಡ್ಮಿನ್ ಮೇಲೆ ಕೇಸ್ ಆಗುತ್ತದೆ ಎಂಬ ಭಯ ಹಲವರಿಗಿದೆ. ಬರೀ ಅಡ್ಮಿನ್ ಆಗಿದ್ದಾರೆಂಬ ಕಾರಣಕ್ಕೆ ಸದಸ್ಯರ ಮೆಸೇಜಿಗೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಕಾನೂನಿನ ಹೊಣೆ ಇಲ್ಲ ಎಂದ ಮಾತ್ರಕ್ಕೆ ನೋಡಿಯೂ ಸುಮ್ಮನಿರುವುದು ಸರಿಯಲ್ಲ.

ಕ್ಷಮೆಯಿಂದ ಮುಗಿಯದ ವಿಷಯಗಳು

ಕೊಲ್ಲುತ್ತೇನೆ, ಹೊಡೆಯುತ್ತೇನೆ ಎಂಬ ಬೆದರಿಕೆ, ಹೆಣ್ಣುಮಕ್ಕಳ ಫೋಟೊ ತಿರುಚಿ ಹಾಕುವುದು, ಪದೇ ಪದೇ ಬೆನ್ನು ಹತ್ತಿ ಪೀಡಿಸುವುದು, ಇವು ಗ್ರೂಪಿನ ಜಗಳಗಳಲ್ಲ. ಇಲ್ಲಿ ಹಿರಿಯರು ಸೇರಿ "ಹೊಂದಿಕೊಂಡು ಹೋಗ್ರಿ" ಎಂದು ಮುಚ್ಚಿಹಾಕಬಾರದು. ಆನ್‌ಲೈನಿನಲ್ಲಿ ಅವಹೇಳನದ ಮಾತು ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದ್ದು ನಿಜ. ಹಾಗೆಂದು ಏನು ಬೇಕಾದರೂ ಬರೆಯಬಹುದು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೇ ಕಲಂ, ಮಾನಹಾನಿಗೆ 356ನೇ ಕಲಂ ಇದೆ. ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಮೆಸೇಜನ್ನು ನಿಮ್ಮ ಫೋನಿನಿಂದ ಅಳಿಸಬೇಡಿ. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ನಲ್ಲೂ ಗದಗ, ಹಾವೇರಿ ಜಿಲ್ಲೆಗಳಲ್ಲೂ ಇಂಥ ದೂರಿಗೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ. ಜೀವಕ್ಕೆ ಅಪಾಯ ಅನ್ನಿಸಿದರೆ ತಡಮಾಡದೆ 112ಕ್ಕೆ ಫೋನ್ ಮಾಡಿ.

ಅವರು ಮಾತಾಡದೇ ಇದ್ದರ?

ಫೋನ್ ಎತ್ತಲಿಲ್ಲ. ಗ್ರೂಪಿನಲ್ಲಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ನೀಲಿ ಟಿಕ್ ಬಂದಿದೆ, ಮಾತಿಲ್ಲ. ಇಂಥಲ್ಲಿ ಮತ್ತೆ ಮತ್ತೆ ಕ್ಷಮೆ ಕೇಳಬೇಡಿ. ಪದೇ ಪದೇ ಕೇಳಿದರೆ ಕ್ಷಮೆಯೇ ಕಾಟವಾಗುತ್ತದೆ. ಅರ್ಜಿ ಕೊಡುತ್ತೇನೆ ಅಂದಿದ್ದರೆ ಕೊಟ್ಟು ಬನ್ನಿ, ಅದರ ಫೋಟೊ ಹಾಕಿ. ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡಿ. ಅವರು ಗ್ರೂಪಿನಲ್ಲಿ ಏನಾದರೂ ಕೇಳಿದರೆ ಎಲ್ಲರಿಗೂ ಉತ್ತರ ಕೊಡುವ ಹಾಗೆ ಅವರಿಗೂ ಕೊಡಿ.

ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ನಡುವೆ ತರಬಹುದು. ಆದರೆ ಅವರು ಸುದ್ದಿ ಮುಟ್ಟಿಸಲಿ ಸಾಕು, ನಿಮ್ಮ ಪರವಾಗಿ ಕ್ಷಮೆ ಕೇಳುವುದು ಬೇಡ. ಆ ಕೆಲಸ ನಿಮ್ಮದೇ.

ಮತ್ತೆ, ನಮ್ಮ ಕಡೆ ಇದಕ್ಕೆಂದೇ ಎರಡು ದಿನಗಳಿವೆ. ದಸರೆಯ ಸಂಜೆ ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುತ್ತೇವೆ. ಸಂಕ್ರಾಂತಿಗೆ ಕುಸರೆಳ್ಳು (ಸಕ್ಕರೆ ಪಾಕ ಹಚ್ಚಿದ ಎಳ್ಳು) ಕೊಡುತ್ತೇವೆ. ಮಾತು ಬಿಟ್ಟವರ ಮನೆಗೂ ಅವತ್ತು ಹೋಗಬಹುದು, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಹೋಗಿ. ಹಿರಿಯರಾಗಿದ್ದರೆ ಕಾಲಿಗೆ ನಮಸ್ಕಾರ ಮಾಡಿ. ಹಳೆ ಜಗಳದ ಮಾತು ನೀವಾಗಿ ತೆಗೆಯಬೇಡಿ, ಅವರು ತೆಗೆದರೆ ಕೇಳಿಸಿಕೊಳ್ಳಿ. ಚಹಾ ಕೊಟ್ಟರೆ ಕುಡಿದು ಬನ್ನಿ. ಅವರ ಜೊತೆ ಫೋಟೊ ತೆಗೆದು ಗ್ರೂಪಿಗೆ ಹಾಕುವ ಮನಸ್ಸಾದರೆ ಮೊದಲು ಅವರನ್ನು ಕೇಳಿ.